ತಲೆ ಅಲ್ಲಾಡಿದ್ದನ್ನು ಮೆದುಳಿನ ಗುಣ ಅಂದುಕೊಂಡಿದ್ದೆ

"ಮೇಡಂ, ಎಂಜಲು ನುಂಗಬಹುದಾ?" ಮೆದುಳಿನ ಚಿತ್ರ ತೆಗೆಯುವ ಎಂಆರ್‌ಐ ಸ್ಕ್ಯಾನರ್ ಒಳಗೆ ಮಲಗಿದ್ದ ಹುಡುಗ ಮೈಕಿನಲ್ಲಿ ಕೇಳಿದ. "ನುಂಗಪ್ಪ, ತಲೆ ಮಾತ್ರ ಅಲ್ಲಾಡಿಸಬೇಡ" ಅಂದೆ.

ಆಟಿಸಂ ಅಂದರೆ ಜನರ ಜೊತೆ ಬೆರೆಯುವ, ಸುತ್ತಲಿನದನ್ನು ಗ್ರಹಿಸುವ ರೀತಿ ಚಿಕ್ಕಂದಿನಿಂದಲೇ ಬೇರೆಯಾಗಿರುವುದು. ಅದರಂಥ ಗುಣಗಳಿಗೂ ಮೆದುಳಿನ ಭಾಗಗಳ ನಂಟಿಗೂ ಸಂಬಂಧ ಇದೆಯಾ ಅಂತ ನಾವು ನೋಡುತ್ತಿದ್ದೆವು. ನಮ್ಮ ಅಧ್ಯಯನಕ್ಕೆ ಬಂದವರೆಲ್ಲ ಕಾಲೇಜು ಹುಡುಗ ಹುಡುಗಿಯರು. ಯಾರಿಗೂ ಆಟಿಸಂ ಇದೆ ಅಂತ ಡಾಕ್ಟರ್ ಹೇಳಿರಲಿಲ್ಲ. ಆದರೆ ಸಣ್ಣ ಸದ್ದು ಬೇಗ ಕಿವಿಗೆ ಬೀಳುವುದು, ಗಾಡಿ ನಂಬರ್ ನೆನಪಿಟ್ಟುಕೊಳ್ಳುವುದು, ಜನರ ನಡುವೆ ಸುಸ್ತಾಗುವುದು, ಆಟಿಸಂನಲ್ಲಿ ಕಾಣುವ ಇಂಥ ಗುಣಗಳು ಎಲ್ಲರಲ್ಲೂ ಹೆಚ್ಚು ಕಡಿಮೆ ಇರುತ್ತವೆ. ಹಾಗಂತ ಎಲ್ಲರಿಗೂ ಸ್ವಲ್ಪ ಆಟಿಸಂ ಇದೆ ಅನ್ನುವುದು ತಪ್ಪು. ಅದರ ಜೊತೆ ಬದುಕುವವರ ಕಷ್ಟವನ್ನು ಆ ಮಾತು ಹಗುರ ಮಾಡುತ್ತದೆ.

ಈ ಗುಣಗಳನ್ನು ಅಳೆಯಲು ಕೇಂಬ್ರಿಡ್ಜ್‌ನ ಮನೋವಿಜ್ಞಾನಿ ಸೈಮನ್ ಬ್ಯಾರನ್ ಕೋಹೆನ್ ತಂಡ 2001ರಲ್ಲಿ ಕೊಟ್ಟ ಎಕ್ಯೂ ಪ್ರಶ್ನಾವಳಿ ಬಳಸಿದೆವು. 50 ಹೇಳಿಕೆ, 50 ಅಂಕ. ಅಂಕ ಜಾಸ್ತಿ ಇದ್ದಷ್ಟೂ ಈ ಗುಣಗಳು ಜಾಸ್ತಿ. ಪಾರ್ಟಿಗಿಂತ ಲೈಬ್ರರಿ ಇಷ್ಟವಾ ಅನ್ನುವುದು ಅದರಲ್ಲಿ ಒಂದು. "ನಮ್ಮೂರಲ್ಲಿ ಪಾರ್ಟಿ ಎಲ್ಲಿದೆ ಮೇಡಂ? ಮದುವೆ ಅಂತ ಇಟ್ಟುಕೊಳ್ಳಲಾ?" ಅಂತ ಒಬ್ಬಳು ಕೇಳಿದಳು. ಬೇಡ ಅಂದೆ. ಮದುವೆಗೆ ನಾವು ಇಷ್ಟ ಇದ್ದರೂ ಹೋಗುತ್ತೇವೆ, ಇಲ್ಲದಿದ್ದರೂ ಹೋಗುತ್ತೇವೆ ಅಲ್ವಾ? ಅವಳ ಉತ್ತರದ ಪಕ್ಕ ಆ ಮಾತನ್ನು ಬರೆದಿಟ್ಟೆ.

ಸ್ಕ್ಯಾನ್‌ನಲ್ಲಿ 8 ನಿಮಿಷ ಸುಮ್ನೆ ಮಲಗಿರಬೇಕು. 2 ಸೆಕೆಂಡಿಗೊಂದು ಚಿತ್ರ. ಮೆದುಳಿನ ಎರಡು ಭಾಗಗಳಲ್ಲಿ ಚಟುವಟಿಕೆಯ ಸಿಗ್ನಲ್ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಅವುಗಳ ನಡುವೆ ನಂಟಿದೆ ಅಂತ ಲೆಕ್ಕ.

ಮೊದಲ ಲೆಕ್ಕ ನೋಡಿ ತುಂಬಾ ಖುಷಿಪಟ್ಟೆ. ಅಂಕ ಜಾಸ್ತಿ ಇದ್ದವರಲ್ಲಿ ಮೆದುಳಿನ ಮುಂಭಾಗ, ಹಿಂಭಾಗಗಳ ನಂಟು ಸಡಿಲವಾಗಿತ್ತು. ಆಟಿಸಂನಲ್ಲಿ ದೂರದ ಭಾಗಗಳ ನಂಟು ಕಡಿಮೆ ಅನ್ನುವ ವಾದ 2004ರಿಂದ ಜೋರಾಗಿ ನಡೆದಿದೆ. ನಮ್ಮ ಫಲಿತಾಂಶ ಅದಕ್ಕೆ ಸರಿಯಾಗಿ ಹೊಂದುತ್ತಿತ್ತು.

ಆಮೇಲೆ ತಲೆ ಎಷ್ಟು ಅಲ್ಲಾಡಿದೆ ಅನ್ನುವ ಗ್ರಾಫ್ ತೆಗೆದೆ. ಎಂಜಲು ನುಂಗಿದಾಗೆಲ್ಲ ಗೆರೆ ಮೊಳೆಯಂತೆ ಮೇಲೆದ್ದಿತ್ತು. ಎಲ್ಲರ ಗ್ರಾಫ್ ಜೋಡಿಸಿದರೆ, ಅಂಕ ಜಾಸ್ತಿ ಇದ್ದವರೇ ಜಾಸ್ತಿ ಅಲ್ಲಾಡಿದ್ದರು. ಎಷ್ಟು ಅಂದರೆ ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಪಾಲು. ಅಷ್ಟೇ ಸಾಕು. ತಲೆ ಅಲ್ಲಾಡಿದರೆ ಅಕ್ಕಪಕ್ಕದ ಜಾಗಗಳ ಸಿಗ್ನಲ್ ಒಂದೇ ರೀತಿ ಕೆಡುತ್ತದೆ, ದೂರದವು ಬೇರೆ ರೀತಿ. ಹಾಗಾಗಿ ಹತ್ತಿರದ ನಂಟು ಇರುವುದಕ್ಕಿಂತ ಗಟ್ಟಿಯಾಗಿ, ದೂರದ್ದು ಸಡಿಲವಾಗಿ ಕಾಣುತ್ತದೆ. 2012ರಲ್ಲೇ ಬೇರೆ ಬೇರೆ ತಂಡಗಳು ಇದನ್ನು ತೋರಿಸಿದ್ದವು. ನಾನು ಓದಿದ್ದೆ, ಆದರೂ ನನ್ನ ಡೇಟಾದಲ್ಲಿ ಹುಡುಕಿರಲಿಲ್ಲ.

ತಲೆಯ ಅಲುಗಾಟ 0.2 ಮಿ.ಮೀ. ದಾಟಿದ ಚಿತ್ರಗಳನ್ನೆಲ್ಲ ತೆಗೆದುಹಾಕಿದೆ. ಉಳಿದ ಅಲುಗಾಟವನ್ನೂ ಲೆಕ್ಕಕ್ಕೆ ಹಿಡಿದೆ. ನಂಟಿನ ವ್ಯತ್ಯಾಸ ಹೆಚ್ಚುಕಡಿಮೆ ಮಾಯವಾಯಿತು. ಒಂದು ವಾರ ಯಾರಿಗೂ ಹೇಳಲಾಗಲಿಲ್ಲ. ನಮ್ಮ ಹತ್ತಿರ ಇದ್ದದ್ದೇ 46 ಜನ. ಗುಣಕ್ಕೂ ಮೆದುಳಿಗೂ ಇರುವ ಇಂಥ ಸಂಬಂಧವನ್ನು ನಂಬಬೇಕಾದರೆ ಸಾವಿರಾರು ಜನ ಬೇಕು ಅಂತ 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು.

ಈಗ ಮೊದಲು ಎಲ್ಲರನ್ನೂ ಹತ್ತು ನಿಮಿಷ ಸುಮ್ನೆ ಮಲಗಿಸಿ, ಯಂತ್ರದ ಸದ್ದು ಕೇಳಿಸುತ್ತೇವೆ. ಕಿವಿಯ ಎರಡೂ ಬದಿ ಸ್ಪಂಜು ತುಂಬುತ್ತೇವೆ. ಎಂಟು ನಿಮಿಷವನ್ನು ಎರಡು ಪಾಲು ಮಾಡಿ ನಡುವೆ ಬಿಡುವು ಕೊಡುತ್ತೇವೆ, ಆಗ ನುಂಗಬಹುದು. ಅಲ್ಲಾಡಿದ ಚಿತ್ರಗಳನ್ನು ತೆಗೆದು ಡೇಟಾ ಶುಚಿ ಮಾಡುವವರಿಗೆ ಆ ಕೆಲಸ ಮುಗಿಯುವ ತನಕ ಯಾರ ಅಂಕವನ್ನೂ ತೋರಿಸುವುದಿಲ್ಲ.