ಇಂಗ್ಲೆಂಡಿನಲ್ಲಿ ಖಾಸಗಿ ಶಾಲೆ ಹುಡುಕುವ ಮುಂಚೆ: ಎಚ್‌ಎಂಸಿ, ಜಿಎಸ್‌ಎ, ಐಎಪಿಎಸ್ ಅಂದರೆ ಏನು?

ಇಲ್ಲಿಗೆ ಹೊಸದಾಗಿ ಬಂದು ಮಕ್ಕಳಿಗೆ ಖಾಸಗಿ ಶಾಲೆ ನೋಡುತ್ತಿದ್ದೀರಾ? ಹಾಗಾದರೆ ಎಚ್‌ಎಂಸಿ, ಜಿಎಸ್‌ಎ, ಐಎಪಿಎಸ್ ಅನ್ನುವ ಹೆಸರುಗಳು ಈಗಾಗಲೇ ಕಣ್ಣಿಗೆ ಬಿದ್ದಿರುತ್ತವೆ. ಇವು ನಮ್ಮ ಸಿಬಿಎಸ್‌ಇ ತರಹದ ಬೋರ್ಡ್‌ಗಳಲ್ಲ. ಪಠ್ಯ ಮಾಡುವುದಿಲ್ಲ, ಪರೀಕ್ಷೆ ನಡೆಸುವುದಿಲ್ಲ. ಶಾಲೆಗಳ ಮುಖ್ಯಸ್ಥರು ಕಟ್ಟಿಕೊಂಡ ಸಂಘಗಳು, ಅಷ್ಟೇ.

ಎಲ್ಲಕ್ಕಿಂತ ಹೆಸರುವಾಸಿಯಾದದ್ದು ಎಚ್‌ಎಂಸಿ. 1869ರಲ್ಲಿ, ಸರ್ಕಾರ ತಮ್ಮ ಶಾಲೆಗಳಲ್ಲಿ ಕೈ ಹಾಕುತ್ತದೆ ಅನ್ನುವ ಆತಂಕ ಇದ್ದ ಹೊತ್ತಿನಲ್ಲಿ, ಅಪ್ಪಿಂಗ್‌ಹ್ಯಾಮ್ ಶಾಲೆಯ ಎಡ್ವರ್ಡ್ ಥ್ರಿಂಗ್ ಬೇರೆ ಹೆಡ್‌ಮಾಸ್ಟರ್‌ಗಳನ್ನು ತಮ್ಮಲ್ಲಿಗೆ ಕರೆಸಿ ಸಭೆ ಮಾಡಿದರು, ಅಲ್ಲಿಂದ ಶುರುವಾಯಿತು ಇದು. ಈಟನ್, ಹ್ಯಾರೋ, ವಿಂಚೆಸ್ಟರ್ ಎಲ್ಲಾ ಇದರಲ್ಲೇ ಇವೆ. ಜಿಎಸ್‌ಎ ಹೆಣ್ಣುಮಕ್ಕಳ ಶಾಲೆಗಳದ್ದು. ಐಎಪಿಎಸ್ ಪ್ರೆಪ್ ಶಾಲೆಗಳದ್ದು, ಅಂದರೆ 11 ಅಥವಾ 13 ವರ್ಷದವರೆಗಿನ ಮಕ್ಕಳದ್ದು.

ಎಚ್‌ಎಂಸಿ ಅಂದ ತಕ್ಷಣ ನಂಬರ್ ಒನ್ ಶಾಲೆ ಅಂದುಕೊಳ್ಳಬೇಡಿ. ಅದು ರ‍್ಯಾಂಕ್ ಅಲ್ಲ. ಆದರೆ ಸದಸ್ಯತ್ವದಿಂದ ನಮಗೊಂದು ನಿಜವಾದ ಉಪಯೋಗ ಇದೆ: ಈ ಸಂಘಗಳ ಶಾಲೆಗಳನ್ನು ಇಂಗ್ಲೆಂಡಿನಲ್ಲಿ ಐಎಸ್‌ಐ (ಇಂಡಿಪೆಂಡೆಂಟ್ ಸ್ಕೂಲ್ಸ್ ಇನ್ಸ್‌ಪೆಕ್ಟರೇಟ್) ಅನ್ನುವ ಸಂಸ್ಥೆ ತಪಾಸಣೆ ಮಾಡುತ್ತದೆ, ವರದಿ ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದು. ಈಗ ಒಂದು ಪದದ ಗ್ರೇಡ್ ಕೊಡುವುದಿಲ್ಲ, ಹಾಗಾಗಿ ಪೂರ್ತಿ ಓದಬೇಕು. ಮಕ್ಕಳ ಸುರಕ್ಷತೆಯ ಭಾಗವನ್ನಂತೂ ದಯವಿಟ್ಟು ಬಿಡಬೇಡಿ.

ದುಡ್ಡಿನ ವಿಷಯ. 2025ರ ಜನವರಿ 1ರಿಂದ ಫೀಸಿನ ಮೇಲೆ 20% ವ್ಯಾಟ್ ಇದೆ, ಯಾರಾದರೂ ಮೊತ್ತ ಹೇಳಿದರೆ ವ್ಯಾಟ್ ಸೇರಿಸಿಯಾ ಅಂತ ಮೊದಲು ಕೇಳಿ. ಸ್ಕಾಲರ್‌ಶಿಪ್ ಸಿಕ್ಕಿತು ಅಂದರೆ ಫೀಸು ಮಾಫಿ ಅಂತಲ್ಲ, ಎಷ್ಟೋ ಕಡೆ ರಿಯಾಯಿತಿ ತೀರಾ ಕಮ್ಮಿ. ಮನೆಯ ಆದಾಯ ನೋಡಿ ಕೊಡುವುದು ಬರ್ಸರಿ. ಅದನ್ನು ಕೇಳಲು ನಮ್ಮವರು ಸಂಕೋಚಪಡುತ್ತಾರೆ, ಯಾಕೆ ಅಂತ ನನಗೆ ಅರ್ಥವಾಗುವುದಿಲ್ಲ. ಅರ್ಜಿ ಹಾಕುವಾಗಲೇ ಕೇಳಿ.

ಇನ್ನೊಂದು ಮಾತು, ಈ ದೇಶದ ನೂರು ಮಕ್ಕಳಲ್ಲಿ ತೊಂಬತ್ತಕ್ಕೂ ಜಾಸ್ತಿ ಮಕ್ಕಳು ಓದುವುದು ಸರ್ಕಾರಿ ಶಾಲೆಯಲ್ಲೇ. ರೆಡಿಂಗ್, ಸ್ಲೌ, ಸಟನ್ ಕಡೆ ಇದ್ದರೆ ಫೀಸಿಲ್ಲದ ಗ್ರಾಮರ್ ಶಾಲೆಗಳಿವೆ, ಅಂದರೆ ಪ್ರವೇಶ ಪರೀಕ್ಷೆ ಮಾಡಿ ಮಕ್ಕಳನ್ನು ಆರಿಸಿಕೊಳ್ಳುವ ಸರ್ಕಾರಿ ಶಾಲೆಗಳು, ಪೈಪೋಟಿ ಜೋರು. ಪರೀಕ್ಷೆ ಇಯರ್ 6 (10-11 ವರ್ಷದ ಮಕ್ಕಳ ತರಗತಿ) ಶುರುವಾಗುತ್ತಿದ್ದಂತೆ ಬರುತ್ತದೆ, ಹೆಸರು ನೋಂದಾಯಿಸುವುದು ಅದಕ್ಕೂ ಮುಂಚೆ, ಇಯರ್ 5ರ ಬೇಸಿಗೆಯಲ್ಲೇ.

ಖಾಸಗಿಯೇ ಅಂತ ತೀರ್ಮಾನ ಮಾಡಿದರೆ, ಡೆಪಾಸಿಟ್ ಕಟ್ಟುವ ಮುಂಚೆ ಒಪ್ಪಂದದಲ್ಲಿ ನೋಟಿಸ್ ಭಾಗ ಓದಿ. ಸಾಮಾನ್ಯವಾಗಿ ಒಂದು ಟರ್ಮ್ ಮುಂಚೆಯೇ ಬರೆದು ತಿಳಿಸಬೇಕು, ಇಲ್ಲದಿದ್ದರೆ ಮಗು ಶಾಲೆ ಬಿಟ್ಟ ಮೇಲೂ ಒಂದು ಟರ್ಮಿನ ಫೀಸು ಕಟ್ಟಬೇಕಾಗುತ್ತದೆ. ಕೆಲಸದ ವೀಸಾದ ಮೇಲೆ ಇರುವವರು, ಯಾವಾಗ ಬೇಕಾದರೂ ಊರು ಬದಲಾಗಬಹುದಾದವರು, ಇದನ್ನು ಎರಡು ಸಲ ಓದಿ.