ಮನೆಯವರೇ ನಡೆಸುವ ಟರ್ಬೈನು: ನನ್ನ ಅನುಭವ

ನಾನು ಶಿವಮೊಗ್ಗದ ಒಂದು ಫೌಂಡ್ರಿಯಲ್ಲಿ ಎಂಜಿನಿಯರ್. ಮನೆ ಹೊಸನಗರ ತಾಲ್ಲೂಕಿನಲ್ಲಿ. ವಾರವಿಡೀ ಅಲ್ಲಿ, ಶನಿವಾರ ರಾತ್ರಿ ಮನೆಯಲ್ಲಿ. ಹಾಗಾಗಿ ಹಿತ್ತಲಿನ ಹಳ್ಳಕ್ಕೆ ಟರ್ಬೈನು ಕೂರಿಸೋಣ ಅಂತ ಹೊರಟಾಗ ನನಗಿದ್ದ ಷರತ್ತು ಒಂದೇ: ನಾನಿಲ್ಲದ ದಿನ ಹೆಂಡತಿ, ಅಪ್ಪಯ್ಯ, ಹೈಸ್ಕೂಲಿನ ಮಗಳು, ಈ ಮೂವರಲ್ಲಿ ಯಾರೇ ಆದರೂ ನನಗೆ ಫೋನ್ ಮಾಡದೆ ಅದನ್ನು ಶುರು ಮಾಡಬೇಕು, ನಿಲ್ಲಿಸಬೇಕು. ಕರೆಂಟು ಹುಟ್ಟಿಸೋದು ಅಷ್ಟೇನೂ ಕಷ್ಟವಲ್ಲ. ತಲೆ ಕೆಡಿಸಿಕೊಂಡಿದ್ದೆಲ್ಲ ಈ ಷರತ್ತಿಗೇ.

ಮೊದಲು ಅಳತೆ. ಗಾರೆ ಕೆಲಸದವರ ಮಟ್ಟದ ಪೈಪು ಹಿಡಿದು ಗುಡ್ಡ ಇಳಿದರೆ 25 ಮೀಟರ್ ಎತ್ತರ ಸಿಕ್ಕಿತು. ಮಳೆಗಾಲ ಮುಗಿಯುವ ಹೊತ್ತಿಗೂ 20 ಲೀಟರ್ ಕ್ಯಾನು ಎರಡೂವರೆ ಸೆಕೆಂಡಿಗೆ ತುಂಬುತ್ತಿತ್ತು, ಅಂದರೆ ಸೆಕೆಂಡಿಗೆ 8 ಲೀಟರ್. ನೀರು, ಎತ್ತರ, ಗುರುತ್ವಾಕರ್ಷಣೆಯ 9.81, ಮೂರನ್ನೂ ಗುಣಿಸಿದರೆ ಹತ್ತಿರ ಹತ್ತಿರ 1,960 ವಾಟ್. ಪೈಪು, ಚಕ್ರ, ಬೆಲ್ಟು, ಜನರೇಟರ್ ಎಲ್ಲವೂ ತಮ್ಮ ತಮ್ಮ ಪಾಲು ತಿಂದ ಮೇಲೆ ಕೈಗೆ ಸಿಗೋದು ಸುಮಾರು ಒಂದು ಕಿಲೋವಾಟ್. ಲೈಟು, ಟಿವಿ, ಮಿಕ್ಸಿಗೆ ಧಾರಾಳ ಸಾಕು.

ಪೈಪಿನಲ್ಲಿ ಮಾತ್ರ ಜಿಪುಣತನ ಬೇಡ. ತೋಟದ ಸ್ಪ್ರಿಂಕ್ಲರಿಗೆ ತಂದ 63 ಎಂಎಂ ಪೈಪು ಮನೆಯಲ್ಲೇ ಇತ್ತು, ಅದನ್ನೇ ಹಾಕು ಅಂತ ಅಪ್ಪಯ್ಯನ ಹಟ. ಲೆಕ್ಕ ಹಾಕಿ ತೋರಿಸಿದೆ: ಅಷ್ಟು ನೀರು 100 ಮೀಟರ್ ಉದ್ದಕ್ಕೆ ಅದರೊಳಗೆ ಓಡಿದರೆ 25ರಲ್ಲಿ ಅರ್ಧಕ್ಕಿಂತ ಜಾಸ್ತಿ ಎತ್ತರ ಬರೀ ಉಜ್ಜಾಟಕ್ಕೇ ಹೋಗುತ್ತೆ. 110 ಎಂಎಂ ಆದರೆ ಒಂದು ಮೀಟರೂ ಹೋಗಲ್ಲ. "ಹಂಗಾದ್ರೆ ತಾ ಮಾರಾಯ" ಅಂದರು.

ಚಕ್ರ ಪೆಲ್ಟನ್ ಜಾತಿಯದು. ಅಮೆರಿಕದ ಲೆಸ್ಟರ್ ಪೆಲ್ಟನ್ 1880ರಲ್ಲಿ ಪೇಟೆಂಟ್ ತೆಗೆದುಕೊಂಡ ಉಪಾಯ ಇದು, ನಮ್ಮ ಶರಾವತಿ ವಿದ್ಯುದಾಗಾರದ 103.5 ಮೆಗಾವಾಟಿನ ಹತ್ತೂ ಯಂತ್ರಗಳು ಇದೇ ಜಾತಿ. ಜೋಡಿ ಬಟ್ಟಲು, ನಡುವೆ ಒಂದು ಚೂಪು ಏಣು. ಚಿಮ್ಮಿ ಬಂದ ನೀರು ಆ ಚೂಪು ಅಂಚಿಗೆ ಬಡಿದು ಎರಡಾಗಿ ಸೀಳಿ, ಬಟ್ಟಲಿನ ಒಳಮೈ ಸವರಿಕೊಂಡು ಹೆಚ್ಚುಕಡಿಮೆ ಬಂದ ದಿಕ್ಕಿಗೇ ವಾಪಸ್ ತಿರುಗುತ್ತೆ. ಹಾಗೆ ತಿರುಗುವಾಗ ತನ್ನಲ್ಲಿದ್ದ ಜೋರನ್ನೆಲ್ಲ ಚಕ್ರಕ್ಕೆ ಕೊಟ್ಟುಬಿಡುತ್ತೆ. ಬಟ್ಟಲುಗಳನ್ನು ಗನ್‌ಮೆಟಲ್ ಅನ್ನೋ ಒಂದು ಬಗೆಯ ಕಂಚಿನಲ್ಲಿ ಎರಕ ಹೊಯ್ಸಿದೆ. ಮರಳಿನ ಅಚ್ಚಿನಿಂದ ಬಂದಾಗ ಮೈಯೆಲ್ಲ ತರಿತರಿ. ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಕೂತು ನಾನು ಅರ ಹಾಕೋದು, ಮಗಳು ಎಮರಿ ಪೇಪರ್ ಉಜ್ಜೋದು. ನನ್ನ ಬೆರಳಿಗೆ ನುಣುಪು ಅನ್ನಿಸಿದ್ದನ್ನು ಅವಳು ಉಗುರಿನ ತುದಿಯಿಂದ ಗೀರಿ ನೋಡಿ, "ಅಪ್ಪಾ, ಇಲ್ಲಿ ಇನ್ನೂ ತಡೀತಿದೆ" ಅಂತ ವಾಪಸ್ ಕೊಡುತ್ತಿದ್ದಳು. ಫೌಂಡ್ರಿಯಲ್ಲಿ ಇಂಥ ಇನ್ಸ್‌ಪೆಕ್ಟರ್ ಇದ್ದರೆ ನಮ್ಮ ಕಥೆ ಅಷ್ಟೇ.

ಜನರೇಟರ್ ಅಂತ ಬೇರೆ ತಂದಿಲ್ಲ. ಹಳೇ 3 ಎಚ್‌ಪಿ ತ್ರೀ ಫೇಸ್ ಮೋಟರನ್ನೇ ಕೆಪಾಸಿಟರ್ ಕೊಟ್ಟು ಉಲ್ಟಾ ದುಡಿಸಿದ್ದೇನೆ: ಕರೆಂಟು ತಿಂದು ತಿರುಗೋ ಬದಲು, ತಿರುಗಿಸಿದರೆ ಕರೆಂಟು ಕೊಡುತ್ತೆ. ಚಕ್ರಕ್ಕೂ ಅದಕ್ಕೂ ಬೆಲ್ಟು, ಚಕ್ರದ ಒಂದು ಸುತ್ತಿಗೆ ಮೋಟರಿನದು ಎರಡು ಸುತ್ತು.

ಇನ್ನು ಷರತ್ತಿನ ವಿಷಯ. ನೀರು ಒಂದೇ ಸಮ ಬರ್ತಾ ಇರುತ್ತೆ, ಮನೆಯಲ್ಲಿ ಮಾತ್ರ ಒಬ್ಬರು ಲೈಟು ಹಾಕ್ತಾರೆ, ಇನ್ನೊಬ್ಬರು ಆರಿಸ್ತಾರೆ. ಲೋಡು ಇಳಿದರೆ ಚಕ್ರ ಓಟ ಕೀಳುತ್ತೆ, ವೋಲ್ಟೇಜ್ ಏರುತ್ತೆ, ಬಲ್ಬು ಢಮಾರ್. ಪ್ರತಿ ಸಲ ಯಾರು ಹೋಗಿ ನೀರು ತಿರುಗಿಸ್ತಾರೆ? ಅದಕ್ಕೆ ಎಲೆಕ್ಟ್ರಾನಿಕ್ ಲೋಡ್ ಕಂಟ್ರೋಲರ್ ಹಾಕಿದೆ. ಮನೆ ಬಳಸದೆ ಬಿಟ್ಟ ಕರೆಂಟನ್ನೆಲ್ಲ ಅದು ಒಂದು ಹೀಟರ್ ಕಾಯಿಲಿಗೆ ತಳ್ಳುತ್ತೆ. ಆ ಕಾಯಿಲು ಬಚ್ಚಲು ಮನೆಯ ಹೊರಗಿನ ಡ್ರಮ್ಮಿನಲ್ಲಿದೆ. ಅರ್ತಿಂಗ್ ಸರಿಯಾಗಿ ಕೊಟ್ಟಿದ್ದೇನೆ, ವೋಲ್ಟೇಜ್ ಮಿತಿ ಮೀರಿದರೆ ಲೈನ್ ತಾನೇ ಟ್ರಿಪ್ ಆಗುತ್ತೆ. ರಾತ್ರಿಯಿಡೀ ಕಾದ ನೀರು ಬೆಳಗ್ಗೆ ಸ್ನಾನಕ್ಕೆ ಸಿದ್ಧ. ಆಷಾಢದಲ್ಲಿ ಒದ್ದೆ ಕಟ್ಟಿಗೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡು ಹಂಡೆ ಕಾಯಿಸಿದವರಿಗೆ ಇದರ ಸುಖ ಹೇಳಬೇಕಾಗಿಲ್ಲ. ನಿಜ ಹೇಳಬೇಕಂದ್ರೆ ನಮ್ಮನೆಯವರಿಗೆ ಕರೆಂಟಿಗಿಂತ ಈ ಡ್ರಮ್ಮೇ ಇಷ್ಟ.

ವಾಲ್ವ್ ಕೂಡ ಹೀಗೇ ಆಯ್ಕೆ ಮಾಡಿದ್ದು. ಬಾಲ್ ವಾಲ್ವ್ ಅಗ್ಗ, ಕಾಲು ಸುತ್ತಿಗೆ ಮುಚ್ಚುತ್ತೆ. ಆದರೆ 100 ಮೀಟರ್ ಉದ್ದ ಓಡುತ್ತಿರುವ ನೀರನ್ನು ಗಕ್ಕನೆ ನಿಲ್ಲಿಸಿದರೆ ಒತ್ತಡ ಹಿಂದಕ್ಕೆ ಬಡಿದು ಪೈಪು ಸಿಡಿಯಬಹುದು. ಅಪ್ಪಯ್ಯನಿಗೆ ತಾಳ್ಮೆ ಕಡಿಮೆ. ಹಾಗಾಗಿ ಗೇಟ್ ವಾಲ್ವ್. ಎಷ್ಟೇ ಅವಸರವಿದ್ದರೂ ಸುತ್ತಿ ಸುತ್ತಿಯೇ ಮುಚ್ಚಬೇಕು.

ಮೀಟರುಗಳ ದೊಡ್ಡ ಬೋರ್ಡು ಮಾಡಿ ಅಡುಗೆಮನೆ ಗೋಡೆಗೆ ಹಾಕಿದ್ದೆ. "ಓದೋಕೆ ಬರಲ್ಲ ಅಂತಲ್ಲ ರೀ, ಒಲೆ ಮುಂದೆ ದೋಸೆ ಹುಯ್ಯುವಾಗ ಯಾರು ಓದ್ತಾ ನಿಂತಿರ್ತಾರೆ?" ಅಂದಳು ಹೆಂಡತಿ. ಈಗ ಅಲ್ಲಿರೋದು ಒಂದು ವೋಲ್ಟ್ ಮೀಟರ್, ಮುಖದ ಮೇಲೆ ಹಸಿರು ಪಟ್ಟಿ. ಮುಳ್ಳು ಹಸಿರಿನಲ್ಲಿದ್ದರೆ ಸರಿ, ಕೆಳಗಿಳಿದರೆ ಹಳ್ಳದ ನೀರು ಪೈಪಿಗೆ ಇಳಿಯುವ ಮೇಲಿನ ತೊಟ್ಟಿಗೆ ದರಗು ಕಟ್ಟಿದೆ ಅಂತ ಅರ್ಥ. ತೊಟ್ಟಿಯ ಬಾಯಿಗೆ ತೂತಿನ ಸ್ಟೀಲ್ ತಗಡು ಇಳಿಜಾರಾಗಿ ಕೂರಿಸಿದ್ದೇನೆ, ನೀರು ಒಳಗೆ ಬೀಳುತ್ತೆ, ಎಲೆ ಜಾರಿ ಹೋಗುತ್ತೆ. ಉಳಿದದ್ದನ್ನು ಅಪ್ಪಯ್ಯ ತೋಟಕ್ಕೆ ಹೋದಾಗ ಕೈಯಲ್ಲೇ ಬಳಿಯುತ್ತಾರೆ.

ಶೆಡ್ಡಿನ ಬಾಗಿಲ ಮೇಲೆ ಮಗಳ ಅಕ್ಷರ: "ನಿಲ್ಲಿಸುವಾಗ ಮೊದಲು ಮೇನ್ ಆಫ್, ಆಮೇಲೆ ನೀರು." ಲೋಡು ಇರುವಾಗಲೇ ನಿಲ್ಲಿಸಿದರೆ ಮೋಟರಿನಲ್ಲಿ ಉಳಿಯಬೇಕಾದ ಚೂರು ಅಯಸ್ಕಾಂತ ಗುಣವೂ ಹೋಗಿ, ಮರುದಿನ ಚಕ್ರ ತಿರುಗಿದರೂ ಕರೆಂಟು ಬರಲ್ಲ. ಆಗ ನೀರು ನಿಲ್ಲಿಸಿ, ಲೈನು ಬಿಚ್ಚಿ, 12 ವೋಲ್ಟ್ ಬ್ಯಾಟರಿಯನ್ನು ಒಂದು ಕ್ಷಣ ಮುಟ್ಟಿಸಬೇಕು. ಇದೊಂದನ್ನು ಮಾತ್ರ ನಾನು ಬರುವ ತನಕ ಬಿಡಿ ಅಂದಿದ್ದೇನೆ.

ಶಿವರಾತ್ರಿ ಹೊತ್ತಿಗೆ ಹಳ್ಳ ಸೊರಗುತ್ತೆ. ಚಕ್ರಕ್ಕೆ ನೀರು ಚಿಮ್ಮಿಸುವ 22 ಎಂಎಂ ನಾಜಲ್ ತೆಗೆದು 12ರದ್ದು ಹಾಕಿದರೆ 300 ವಾಟ್ ಆಸುಪಾಸು ಸಿಗುತ್ತೆ, ಲೈಟಿಗೆ ಸಾಕು, ಡ್ರಮ್ಮು ಬೆಚ್ಚಗೂ ಆಗಲ್ಲ. ಯುಗಾದಿ ಕಳೆದ ಮೇಲೆ ಪೂರ್ತಿ ಬಂದ್, ಬೇರಿಂಗಿಗೆ ಗ್ರೀಸು, ಮಳೆ ಬರುವ ತನಕ ಲೈನ್ ಕರೆಂಟೇ ಗತಿ.

ಅಪ್ಪಯ್ಯ ಈಗ ಅಡಿಕೆ ಸುಲಿಯುವ ಮಷಿನ್ನನ್ನೂ ಇದಕ್ಕೇ ಹಚ್ಚು ಅಂತಿದ್ದಾರೆ. ಅದರ ಮೋಟರು ಶುರುವಾಗುವಾಗ ಎಳೆಯುವ ಕರೆಂಟಿಗೆ ನಮ್ಮ ಜನರೇಟರ್ ಕುಸಿದುಬಿಡುತ್ತೆ. "ಇನ್ನೊಂದು ಪೈಪು ಹಾಕಿದ್ರೆ ಆಗಲ್ವಾ?" ಅಂತ ಕೇಳಿದರು. ಆಗಬಹುದು, ಮೋಟರೂ ದೊಡ್ಡದು ಬೇಕು. ಆದರೆ ಸುಲಿಯುವ ಕಾಲಕ್ಕೆ ಅಷ್ಟು ನೀರು ಇರಬೇಕಲ್ಲ. ದೀಪಾವಳಿ ಕಳೆದ ಮೇಲೆ ಕ್ಯಾನು ಹಿಡಿದು ಅಳೆಯೋಣ ಅಂದಿದ್ದೇನೆ.