ಬಿಸ್ಲೂರಿನ ಅಡಗಿಮನ್ಯಾಗ ವೇಸ್ಟ್ ಕಮ್ಮಿ ಮಾಡೋದು ಹ್ಯಾಂಗ

ಹೋದ ಬ್ಯಾಸಗ್ಯಾಗ ಒಮ್ಮೆಲೆ ಹತ್ತು ಕಿಲೋ ಜ್ವಾಳ ಗಿರಣಿಗೆ ಒಯ್ದು ಬೀಸ್ಕೊಂಡು ಬಂದೆ, ಈ ಕಲಬುರಗಿ ಬಿಸ್ಲಾಗ ಪದೇ ಪದೇ ಯಾರು ಹೋಗ್ಬೇಕು ಅಂತ. ಮೂರು ವಾರಕ್ಕ ಹಿಟ್ಟಿನ ಜಿಗಿನೇ ಹೋಯ್ತು. ಬಡಿಲಾಕ ಕೂತ್ರ ರೊಟ್ಟಿ ಅಂಚು ಸೀಳ್ತದ, ಎತ್ತಿ ಹಂಚಿಗೆ ಹಾಕೋದ್ರಾಗ ಎರಡು ತುಂಡು, ಬಾಯಾಗ ಇಟ್ರ ಕಹಿ. ಕಡೀಗೆ ನಾಲ್ಕು ಕಿಲೋ ಹಿಟ್ಟು ಬಾಜೂ ಮನಿ ಎಮ್ಮಿಗೆ ಹೋಯ್ತು.

ತರೋವಾಗಿನ ಅಳತಿ ತಪ್ಪಿತು ಅಂದ್ರ ಆಮ್ಯಾಲ ಎಷ್ಟೇ ಡಬ್ಬಿ, ಫ್ರಿಜ್ ಇದ್ರೂ ಅಷ್ಟೇ. ಅದ್ಕ ಮೊದ್ಲು ಇದನ್ನ ಮಾಡ್ರಿ: ಜ್ವಾಳ ಕಾಳಾಗೇ ಇಡ್ರಿ, ಹಿಟ್ಟು ಮಾತ್ರ ಹತ್ತು ದಿನಕ್ಕ ಸಾಲೋವಷ್ಟು ಬೀಸ್ರಿ. ನಾವು ನಾಲ್ಕು ಮಂದಿ, ಒಂದು ಹೊತ್ತು ರೊಟ್ಟಿ ಒಂದು ಹೊತ್ತು ಚಪಾತಿ, ನಮಗ ಮೂರು ಕಿಲೋ ಬರಬ್ಬರಿ ಆಗ್ತದ. ತೊಗರಿ ಬ್ಯಾಳಿ ವರ್ಷದ್ದು ಒಮ್ಮೆಲೆ ತರೋರು (ನಂ ಕಲಬುರಗಿ ಬ್ಯಾಳಿಗಿ 2019ರಾಗ ಜಿಐ ಟ್ಯಾಗ್, ಅಂದ್ರ ಇದು ಈ ಊರಿಂದೇ ಅನ್ನೋ ಸರ್ಕಾರಿ ಗುರ್ತು ಸಿಕ್ಕದ, ಅದಕ್ಕಾದ್ರೂ ಹುಳ ಹಿಡಿಸಬ್ಯಾಡ್ರಿ) ಚೆಂದಂಗ ಒಣಗಿಸಿ, ಪೂರಾ ಆರಿದ ಮ್ಯಾಲೇ ಡಬ್ಬಿಗೆ ತುಂಬ್ರಿ. ಬಿಸಿ ಇದ್ದಾಗ ಮುಚ್ಚಳ ಹಾಕಿದ್ರ ಒಳಗ ಬೆವರ್ತದ, ಹುಳಕ್ಕ ನಾವೇ ಕರೆದಂಗ.

ಇನ್ನ ಉಳಿದ ರೊಟ್ಟಿ. ಮೆತ್ತನ್ನ ರೊಟ್ಟಿ ಹಂಗೇ ಡಬ್ಬಿಗೆ ಹಾಕಿ ಮುಚ್ಚಿದ್ರ ಮರುದಿನ ಹಳಸಿ ವಾಸನಿ ಹೊಡೀತದ. ರಾತ್ರಿನೇ ಹಂಚಿನ ಮ್ಯಾಲ ಸಣ್ಣ ಉರಿ ಇಟ್ಟು, ಅರಿವಿಲೆ ಒತ್ತಿ ಒತ್ತಿ ಎರಡೂ ಬಾಜೂ ಒಣಗಿಸ್ರಿ, ನಡುವ ಬೊಟ್ಟಿಲೆ ಒತ್ತಿದ್ರ ಎಲ್ಲೂ ಮೆತ್ತಗ ಹತ್ತಬಾರ್ದು, ಒಂದು ರೂಪಾಯಿ ಅಗಲ ಹಸಿ ಉಳಿದ್ರೂ ಅಲ್ಲೇ ಬೂಷ್ಟು ಹಿಡೀತದ. ಆಮ್ಯಾಲ ಬುಟ್ಟ್ಯಾಗ ನಿಲ್ಲಿಸಿ ಇಟ್ಟು ಮ್ಯಾಲ ತೆಳ್ಳನ ಅರಿವಿ ಹೊಚ್ರಿ, ಖಡಕ್ ರೊಟ್ಟಿ ತಯಾರ. ಮುರಿದ ಚೂರಿಗಿ ಜರಾ ನೀರು ಚಿಮುಕ್ಸಿ, ಉಳ್ಳಾಗಡ್ಡಿ ಹಸಿ ಮೆಣಸಿನಕಾಯಿ ಒಗ್ಗರಣಿ ಕೊಟ್ಟು ಶೇಂಗಾ ಪುಡಿ ಉದುರ್ಸಿದ್ರ ಮುಂಜಾನಿ ನಾಷ್ಟಾ ಆಯ್ತು. ಚಪಾತಿ ಉಳಿದ್ರ ಬೆಲ್ಲ ತುಪ್ಪ ಹಾಕಿ ತಿಕ್ಕಿ ಮಲೀದಾ ಮಾಡ್ರಿ, ಹುಡುಗ್ರು ಬೇಕಂತಲೇ ಚಪಾತಿ ಉಳಿಸ್ತಾರ, ಅದೊಂದು ಬ್ಯಾರೆ ತಲಿನೋವು.

ಅನ್ನದ ವಿಷಯದಾಗ ಮಾತ್ರ ಜುಗ್ಗತನ ಬ್ಯಾಡ. ನಂ ಊರಾಗ ಬ್ಯಾಸಗಿಗಿ 42 ಡಿಗ್ರಿ ದಾಟ್ತದ, ಮಧ್ಯಾಹ್ನದ ಅನ್ನ ಸಂಜಿ ತನಕ ಹೊರಗೇ ಇಟ್ಟು ಮತ್ತ ಒಗ್ಗರಣಿ ಹಾಕಿ ತಿಂದು ದವಾಖಾನಿಗೆ ಬಿಲ್ಲು ಕೊಡೋದ್ಯಾಕ. ಉಂಡ ಕೂಡ್ಲೆ ಅಗಲ ತಾಟಿನಾಗ ಹರವಿ, ಆರಿದ್ ಮ್ಯಾಲ ಫ್ರಿಜ್ಜಿಗಿ ಹಾಕ್ರಿ.

ಅಂಗಡಿಗೆ ಹೋಗುವಾಗ ಕೈಚೀಲ ಒಂದೇ ಅಲ್ದೆ ಎರಡು ಡಬ್ಬಿನೂ ಒಯ್ರಿ. ನಮ್ಮ ಮೈದುನಂದು ಕಿರಾಣಿ ಅಂಗಡಿ ಅದ, ಮೊದ್ಲು ನಾ ಡಬ್ಬಿ ಒಯ್ದಾಗ "ವೈನಿ, ಇದರ ತೂಕ ಯಾರು ಕಳೀಬೇಕು" ಅಂದಿದ್ದ. ಕಳ್ಯೋದೇನದ, ಖಾಲಿ ಡಬ್ಬಿ ತಕ್ಕಡಿ ಮ್ಯಾಲ ಇಟ್ಟು ಟೇರ್ ಬಟನ್ ಒತ್ತಿದ್ರ ಸೊನ್ನಿ ಬರ್ತದ, ಆಮ್ಯಾಲ ಸಕ್ಕರಿ ಸುರೀರಿ. ಈಗ ತಾನೇ ಒತ್ತತಾನ. ಕರ್ನಾಟಕದಾಗ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ 2016ರಾಗೇ ಬಂದ್ ಮಾಡ್ಯಾರ, 2022ರ ಜುಲೈ 1ರಿಂದ ಪ್ಲಾಸ್ಟಿಕ್ ಚಮಚ, ತಾಟು, ಸ್ಟ್ರಾನೂ ದೇಶಕ್ಕೆಲ್ಲ ಬಂದ್, ಆದ್ರೂ ಕಾಯಿಪಲ್ಯೆ ತಗೊಳ್ಳಾಕ ಹೋದ್ರ ಎರಡು ನಿಂಬಿಹಣ್ಣಿಗಿ ಒಂದು ತೆಳ್ಳನ ಚೀಲ ಕೊಡ್ತಾರ. ಬ್ಯಾಡಕ್ಕಾ, ಇದ್ರಾಗೇ ಹಾಕು ಅಂತ ಸಂಚಿ ಬಾಯಿ ತಗದು ಮೊದ್ಲೇ ಹಿಡೀಬೇಕು, ಅಕಿ ಚೀಲ ಊದಿ ತಗದ ಮ್ಯಾಲ ಹೇಳಿದ್ರ ಉಪಯೋಗಿಲ್ಲ.

ಮಿರ್ಚಿ ಭಜಿಗೂ ಡಬ್ಬಿನೇ ಒಯ್ರಿ. ಪ್ಲಾಸ್ಟಿಕ್ ಬ್ಯಾಡ ಅಂತ ಪೇಪರ್‌ನಾಗ ಕಟ್ಟಿಸ್ಕೊಂಡ್ರ ಬಿಸಿ ಎಣ್ಣಿಗಿ ಅಚ್ಚಿನ ಮಸಿ ಭಜಿಗೇ ಹತ್ತತದ, ಸುದ್ದಿಪೇಪರ್‌ನಾಗ ತಿನ್ನೋದು ಕಟ್ಟಬ್ಯಾಡ್ರಿ ಅಂತ ತಿನ್ನೋ ಮಾಲಿನ ಸುರಕ್ಷತಾ ನೋಡೋ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐನೋರೇ ಹೇಳ್ಯಾರ.

ಅಂಗಡಿ ಇಟ್ಟೋರಿಗೆ ನಾ ಹೇಳೋದು ಎರಡೇ. ಹೊಸ ಮಾಲು ಬಂದ್ರ ಹಿಂದ ಇಡ್ರಿ, ಹಳೇದು ಮುಂದಕ್ಕ ಎಳೀರಿ, ಸ್ಟಾಕ್ ಬಂದ ದಿನದ ಗದ್ದಲದಾಗ ಎಲ್ರೂ ಇದನ್ನ ಉಲ್ಟಾ ಮಾಡ್ತಾರ. ಮತ್ತ ತಾರೀಖು ನೋಡೋವಾಗ ಫರಕ ತಿಳ್ಕೊಳ್ರಿ: ಬೆಸ್ಟ್ ಬಿಫೋರ್ ಅಂದ್ರ ಅಲ್ಲಿ ತನಕ ರುಚಿ, ಕುರುಕುರು ಚಲೋ ಇರ್ತದ ಅಂತ. ಯೂಸ್ ಬೈ, ಎಕ್ಸ್‌ಪೈರಿ ಅಂತ ಇದ್ರ ಅದು ದಾಟಿದ್ದು ಮಾರಂಗಿಲ್ಲ, ತಿನ್ನಂಗಿಲ್ಲ. ಮೈದುನ ಈಗ ತಾರೀಖು ಸನೇಕ ಬಂದ ಬಿಸ್ಕೀಟು ಕೌಂಟರ್ ಮ್ಯಾಲ ಕಮ್ಮಿ ರೇಟಿಗಿ ಇಡ್ತಾನ.

ಹಾಲಿನ ಪಾಕೀಟು ಕತ್ತರಿಸೋವಾಗ ಮೂಲಿ ಪೂರಾ ಕಡೀಬ್ಯಾಡ್ರಿ, ಆ ಸಣ್ಣ ತುಂಡು ಮೋರಿಗೇ ಹೋಗ್ತದ. ಪಾಕೀಟು ತೊಳದು ಒಣಗಿಸಿ ಗುಜರಿಗೆ ಹಾಕ್ರಿ.

ಸಿಪ್ಪಿ, ದೇಟು ಎಮ್ಮಿ ಇದ್ದೋರಿಗೆ ಕೊಡ್ರಿ, ಇಲ್ಲಾಂದ್ರ ತಳಕ್ಕ ತೂತು ಮಾಡಿದ ಹಳೇ ಗಡಿಗ್ಯಾಗ ಒಂದು ಪದರ ಸಿಪ್ಪಿ, ಒಂದು ಪದರ ಒಣಗಿದ ಬೇವಿನ ಎಲಿ. ಬ್ಯಾರೆ ಕಡೆ ಗೊಬ್ಬರ ಹಸಿ ಆಗಿ ನಾರ್ತದ ಅಂತಾರ, ನಮ್ಮಲ್ಲಿ ಅದು ಒಣಗಿ ಹಂಗೇ ಕೂತ್ಬಿಡ್ತದ, ಅದ್ಕ ಮ್ಯಾಲ ಹಸಿ ಗೋಣಿ ಚೀಲ ಹೊಚ್ಚಿ ದಿನಾ ಅಕ್ಕಿ ತೊಳೆದ ನೀರು ಜರಾ ಚಿಮುಕ್ಸ್ರಿ. ನಂದು ಎರಡು ತಿಂಗಳಿಗಿ ಕಪ್ಪಗಾತು, ಕರಿಬೇವಿನ ಗಿಡಕ್ಕ ಹಾಕೀನಿ.